ಹಿಂದಿನಿಂದ ಬರುವವಳು

ಕ್ಲಾರಿನೆಟ್ಟಿನ ತೂತು ಮುಚ್ಚುವ ಯಾವುದೋ ಒಂದು ಪ್ಯಾಡಿನಿಂದ ಗಾಳಿ ಸೋರುತ್ತಿತ್ತು. ಯಾವುದರಿಂದ ಎಂದು ಊದಿ ನೋಡಿದ ಮೊದಲ ಉಸಿರಿಗೇ ಅವಳಿಗೆ ಗೊತ್ತಾಗಬೇಕಿತ್ತು, ಇವತ್ತು ಗೊತ್ತಾಗಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರ ಹಾಗೆ ತೆಳುಕಾಗದದ ಚೂರನ್ನು ಒಂದೊಂದೇ ಪ್ಯಾಡಿನ ಅಡಿ ಇಟ್ಟು, ತೂತು ಮುಚ್ಚಿ, ಕಾಗದವನ್ನು ಮೆಲ್ಲಗೆ ಎಳೆದು, ಬಿಗಿಯಾಗಿ ಹಿಡಿದುಕೊಂಡರೆ ಸರಿ, ಸಲೀಸಾಗಿ ಜಾರಿ ಬಂದರೆ ಸೋರಿಕೆ ಎಂದು ಹುಡುಕುತ್ತ ಕೂತಿದ್ದಳು. ವಾದ್ಯ ರಿಪೇರಿ ಅಂಗಡಿಯ ಯಜಮಾನರು ಕನ್ನಡಕದ ಮೇಲಿನಿಂದ ನೋಡಿ, ಕಿವಿ ಮನೆಯಲ್ಲಿ ಬಿಟ್ಟು ಬಂದೆಯೇನಮ್ಮಾ ಎಂದು ಕೇಳಿದ್ದರು. ಅವಳು ನಕ್ಕಳು. ನಗುವಾಗಲೂ ಎಡಗೈಯ ಬೆರಳು ಮೇಜಿನ ಅಂಚಿಗೆ ಏನನ್ನೋ ಬಡಿಯುತ್ತಿತ್ತು. ನಿಲ್ಲಿಸಿದಳು. ಕಾಗದ ಎತ್ತಿಕೊಂಡಳು. ಬೆರಳು ಮತ್ತೆ ಶುರು ಮಾಡಿತು. ಬೆಳಿಗ್ಗೆ ಓಡಿ ಬಂದಾಗಿನಿಂದ ಹೀಗೇ ಇತ್ತು. ಏನೋ ಒಂದು ಕಿವಿಯಲ್ಲಿ ಕೂತುಬಿಟ್ಟಿತ್ತು, ಹಾಡೂ ಅಲ್ಲ, ಮಾತೂ ಅಲ್ಲ, ಒಲೆಯ ಮೇಲೆ ಏನನ್ನೋ ಇಟ್ಟು ಮರೆತು ಬಂದವರ ಕಸಿವಿಸಿ. ಯಾರದೋ ಕೆಟ್ಟ ಓಟದ ಸದ್ದನ್ನು ನಾನು ಯಾಕೆ ದಿನವಿಡೀ ಹೊತ್ತು ತಿರುಗಬೇಕು ಎಂದು ತನ್ನ ಮೇಲೆಯೇ ರೇಗಿಕೊಂಡಳು.

ಅದು ಕೊಳದ ಸುತ್ತಿನ ದಾರಿಯಲ್ಲಿ ಇವತ್ತು ಹೊಸದಾಗಿ ಕಾಣಿಸಿಕೊಂಡವಳ ಸದ್ದು. ಕಾಣಿಸಿಕೊಂಡವಳು ಎನ್ನುವುದೂ ತಪ್ಪೇ. ಓಡುವಾಗ ಇವಳು ತನ್ನ ಕನ್ನಡಕ ತೆಗೆದಿಡುತ್ತಿದ್ದಳು, ಬೆಳಕು ಹರಿಯುವ ಮುಂಚಿನ ಆ ಹೊತ್ತಿನಲ್ಲಿ ಎದುರಿಗೆ ಬಂದವರೆಲ್ಲ ಅವಳಿಗೆ ಬರೀ ಮಬ್ಬು. ಆದರೆ ಅವಳಿಗೆ ಕಣ್ಣು ಬೇಕೂ ಇರಲಿಲ್ಲ. ಆ ದಾರಿಯವರೆಲ್ಲ ಹೆಜ್ಜೆಯಲ್ಲೇ ಗೊತ್ತು. ಹಿಮ್ಮಡಿ ಕುಟ್ಟಿ ಬರುವವರು ಸುತ್ತಿಗೆ ಸಾಹೇಬರು, ಯಾವತ್ತೂ ಮುಂಗಾಲಲ್ಲೇ ಚಿಮ್ಮುವ ದಪ್ಪ ಹೆಂಗಸು ಅರ್ಜೆಂಟಕ್ಕ, ಒಬ್ಬರ ಹೆಜ್ಜೆಗೆ ಇನ್ನೊಬ್ಬರು ಎಂದೂ ಕೂಡಿ ಬಾರದೆ ಓಡುವ ಗಂಡಹೆಂಡಿರು ಜಗಳ. ಈ ಹೆಸರುಗಳನ್ನು ಇಟ್ಟವಳು ಅವಳಲ್ಲ, ಆದರೆ ಅದು ಬೇರೆ ಮಾತು. ಇವತ್ತಿನವಳು ಯಾವ ಹೆಸರಿಗೂ ಸಿಕ್ಕಲಿಲ್ಲ. ಒಂದು ಕಾಲು ಥಪ್ಪೆಂದು ಬೀಳುತ್ತಿತ್ತು, ಇನ್ನೊಂದು ಎಳೆದುಕೊಂಡು ಬರುತ್ತಿತ್ತು, ಉಸಿರು ಎರಡಕ್ಕೂ ಸಂಬಂಧವಿಲ್ಲದ ಹಾಗೆ ಎಲ್ಲೆಲ್ಲೋ ಸಿಕ್ಕಿಹಾಕಿಕೊಳ್ಳುತ್ತಿತ್ತು. ತಲೆಗೆ ಟೋಪಿ, ಮೈಗೆ ದೊಗಳೆ ಅಂಗಿ. ಒದ್ದೆ ಬಟ್ಟೆ ಒಗೆಯುತ್ತಿದ್ದಾಳೆ, ಓಡುತ್ತಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು, ಆ ಮಾತಿಗೆ ತಾನೇ ಖುಷಿಪಟ್ಟು, ಹತ್ತಿರ ಬಂದಾಗ ಸ್ವಲ್ಪ ದಾರಿ ಬಿಡಿ ಎಂದು ಹೇಳಿ ಮುಂದೆ ಹೋಗಿದ್ದಳು. ಇಷ್ಟೇ ನಡೆದದ್ದು. ಹೊಸಬರು ದಿನಾ ಬರುತ್ತಾರೆ, ವಾರ ಓಡುತ್ತಾರೆ, ಬಿಡುತ್ತಾರೆ.

ಹೆಸರಿಟ್ಟವಳು ಅತ್ತಿಗೆ. ಸುತ್ತಿಗೆ ಸಾಹೇಬರ ಹಿಂದೆ ಓಡುತ್ತ, ಅವರ ಹೆಜ್ಜೆಯನ್ನೇ ತಾಳವಾಗಿ ಹಿಡಿದು, ಅದರ ಮೇಲೆ ತನ್ನ ಕಾಲಿನಿಂದ ಬೇರೊಂದು ಲೆಕ್ಕ ಹಾಕಿ, ಸಾಹೇಬರು ತಿರುಗಿ ನೋಡುವಷ್ಟರಲ್ಲಿ ಏನೂ ಗೊತ್ತಿಲ್ಲದ ಮುಖ ಮಾಡುತ್ತಿದ್ದವಳು. ಅತ್ತಿಗೆ ಡ್ರಮ್ ಬಾರಿಸುತ್ತಿದ್ದಳು, ಶಾಲೆಯೊಂದರಲ್ಲಿ ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದಳು. ಮದುವೆಯಾಗಿ ಮನೆಗೆ ಬಂದ ಹೊಸತರಲ್ಲಿ, ನಾದಿನಿ ಓಡುತ್ತಾಳೆಂದು ಗೊತ್ತಾಗಿ, ಮಾರನೆಯ ಬೆಳಿಗ್ಗೆ ಬೂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೂರು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ. ಇಬ್ಬರೂ ಹಾಗೇ ಓಡುತ್ತಿದ್ದರು, ಇಬ್ಬರಿಗೂ ಇನ್ನೊಬ್ಬರದು ಮೊದಲ ದಿನವೇ ಕೇಳಿಸಿತು. ಆಮೇಲೆ ಹಾಡು ಹುಟ್ಟಿದ್ದು ಆ ಉಸಿರಿನಿಂದಲೇ. ಕೊಳದ ಒಂದು ಸುತ್ತಿಗೆ ಒಂದು ಸಾಲು. ಅವಳು ಗುನುಗಬೇಕು, ಅತ್ತಿಗೆ ಕಾಲಿನಲ್ಲಿ ಉತ್ತರ ಕೊಡಬೇಕು, ಸುತ್ತು ಮುಗಿಯುವುದರೊಳಗೆ ಸರಿಹೋಗದಿದ್ದರೆ ಆ ಸಾಲನ್ನು ಕೊಳಕ್ಕೆ ಎಸೆದ ಹಾಗೆ, ಮತ್ತೆ ಎತ್ತಬಾರದು. ಮನೆಗೆ ಬಂದು ಅವಳು ಕ್ಲಾರಿನೆಟ್ ಹಿಡಿದರೆ, ಅತ್ತಿಗೆ ಡ್ರಮ್ಮಿಗೆ ಟವಲು ಹೊದಿಸಿ ಬಾರಿಸುತ್ತಿದ್ದಳು, ಅಮ್ಮನ ನಿದ್ದೆ ಕೆಡಬಾರದೆಂದು. ಹಾಡುಗಳೆಲ್ಲ ಐದರ ಲೆಕ್ಕದವು. ವಾರದ ಕೊನೆಗೆ ಸಣ್ಣ ಸಭಾಂಗಣಗಳಲ್ಲಿ ಇಬ್ಬರೇ ಕೂತು ನುಡಿಸುವಾಗ ಜನ ಚಪ್ಪಾಳೆ ತಟ್ಟಲು ಹೋಗಿ, ಎಲ್ಲಿ ತಟ್ಟಬೇಕೆಂದು ತಿಳಿಯದೆ, ಕೈಯನ್ನು ಅರ್ಧದಲ್ಲಿ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅದನ್ನು ನೆನೆಸಿಕೊಂಡು ಇಬ್ಬರೂ ದಾರಿಯುದ್ದಕ್ಕೂ ನಗುತ್ತಿದ್ದರು. ದೊಡ್ಡವಳನ್ನು ನೀನು ಎನ್ನುತ್ತೀಯಲ್ಲ, ನಾಚಿಕೆಯಾಗಲ್ವಾ ಎಂದು ಅಮ್ಮ ಬೈದರೆ, ಓಡುವಾಗ ನೀವು ಅನ್ನೋಕೆ ಉಸಿರು ಸಾಲಲ್ಲ ಅತ್ತೆ ಎಂದು ಅತ್ತಿಗೆಯೇ ಅವಳ ಪರ ವಹಿಸುತ್ತಿದ್ದಳು.

ಅಣ್ಣನಿಗೂ ಅತ್ತಿಗೆಗೂ ಯಾಕೆ ಆಗಿಬರಲಿಲ್ಲ ಎಂದು ಅವಳನ್ನು ಕೇಳಿದವರಿಗೆಲ್ಲ ಗೊತ್ತಿಲ್ಲ ಎಂದೇ ಹೇಳಿದ್ದಳು. ಗೊತ್ತಿರಲೂ ಇಲ್ಲ. ಒಂದೇ ಮನೆಯಲ್ಲಿದ್ದು, ಇಬ್ಬರ ಹೆಜ್ಜೆಯನ್ನೂ ಕೋಣೆಯಿಂದ ಕೋಣೆಗೆ ಕೇಳುತ್ತಿದ್ದು, ಅಣ್ಣ ಬಂದೊಡನೆ ಅತ್ತಿಗೆಯ ಹೆಜ್ಜೆ ಬೇರೆ ಕೋಣೆಗೆ ಹೋಗುವುದನ್ನು ಎಷ್ಟೋ ತಿಂಗಳು ಕೇಳಿಯೂ, ಅದು ಏನೆಂದು ಕೇಳದೆ ಇದ್ದುಬಿಟ್ಟಿದ್ದಳು. ಕೇಳಿದ್ದರೆ ಬೆಳಗಿನ ಓಟಕ್ಕೆ ಕುತ್ತು ಬರಬಹುದೆಂಬ ಭಯ. ಹೊರಟ ದಿನ ಅತ್ತಿಗೆ ಎರಡು ಚೀಲಗಳನ್ನು ಮೊದಲು ಇಳಿಸಿ, ಆಮೇಲೆ ಡ್ರಮ್ಮುಗಳಿಗಾಗಿ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದಾಗ ಅವಳು ಬಚ್ಚಲುಮನೆಯಲ್ಲಿದ್ದಳು. ಸ್ನಾನ ಮುಗಿದಿತ್ತು. ಮೈ ಒರೆಸಿಕೊಂಡು, ಬಟ್ಟೆ ಹಾಕಿಕೊಂಡು, ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರು ಬಕೆಟ್ಟಿನಿಂದ ಉಕ್ಕಿ ಹರಿಯುವುದನ್ನು ನೋಡುತ್ತ ನಿಂತಿದ್ದಳು. ಹೋಗಬೇಡ ಎಂದರೆ ಅಣ್ಣನಿಗೆ ಎರಡು ಬಗೆದ ಹಾಗೆ, ಹೋಗು ಎನ್ನಲು ಬಾಯಿ ಬಾರದು. ನಲ್ಲಿಯ ಸದ್ದಿನಲ್ಲೂ ಹೆಜ್ಜೆ ಕೇಳಿಸಿತು. ಬಾಗಿಲ ಹತ್ತಿರ ಬಂದು ಒಂದು ಗಳಿಗೆ ನಿಂತದ್ದೂ ಕೇಳಿಸಿತು. ಅವತ್ತಿನಿಂದ ಅವಳು ಒಬ್ಬಳೇ ಓಡಿದಳು. ಅಣ್ಣ ಕಳೆದುಕೊಂಡದ್ದಕ್ಕೆ ಊರೆಲ್ಲ ಸಮಾಧಾನ ಹೇಳಿತು, ನಾದಿನಿ ಕಳೆದುಕೊಂಡದ್ದಕ್ಕೆ ಯಾರು ಏನು ಹೇಳುತ್ತಾರೆ?

ಮಧ್ಯಾಹ್ನ ಅಣ್ಣ ಅಂಗಡಿಗೆ ಬಂದ. ಎಂದೂ ಬಂದವನಲ್ಲ. ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸ ಅವನದು, ಬೆರಳುಗಳಿಗೆ ಯಾವಾಗಲೂ ಎರಡು ಮೂರು ಪಟ್ಟಿ. ಇವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ವಕೀಲರ ಕಚೇರಿಯಲ್ಲಿ ವಿಚ್ಛೇದನದ ಕೊನೆಯ ಸಹಿ ಇವತ್ತು ಎಂದು ಅವಳಿಗೆ ಆಗ ನೆನಪಾಯಿತು, ಬೆಳಿಗ್ಗೆ ಅಮ್ಮ ಎರಡು ಸಲ ಹೇಳಿದ್ದಳು, ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಮುಗೀತು ಎಂದ. ಅವಳು ಕುರ್ಚಿ ಎಳೆದು ಕೊಟ್ಟಳು. ಕೂರಲಿಲ್ಲ. ರಿಪೇರಿಗೆ ಬಂದ ಕೊಳಲೊಂದನ್ನು ಎತ್ತಿ ನೋಡಿ ಮತ್ತೆ ಇದ್ದಲ್ಲೇ ಇಟ್ಟ. ಮೇಜಿನ ಮೇಲೆ ಹರಡಿದ್ದ ಕಾಗದದ ಚೂರುಗಳನ್ನು ಒಟ್ಟುಮಾಡಿದ. ಅವನ ಮುಖದಲ್ಲಿ ಅಳುವಿನಂಥದೂ ನಗುವಿನಂಥದೂ ಏನೋ ಒಂದು ಇತ್ತು, ಅದನ್ನು ನೋಡಲಾರದೆ ಅವಳು ಪಟ್ಟಿ ಸುತ್ತಿದ ಅವನ ಬೆರಳನ್ನೇ ನೋಡುತ್ತಿದ್ದಳು.

"ಸಹಿ ಹಾಕೋವಾಗ ಅವಳು ಹೇಳಿದ್ಲು," ಎಂದ. "ಬೆಳಿಗ್ಗೆ ಕೊಳದ ಹತ್ರ ಬಂದಿದ್ಲಂತೆ. ನೀನು ಮುಖ ಕೂಡ ತಿರುಗಿಸ್ದೆ, ದಾರಿ ಬಿಡಿ ಅಂದು ಹಾದು ಹೋದ್ಯಂತೆ."

ಅವಳ ಕೈಯಲ್ಲಿದ್ದ ಕ್ಲಾರಿನೆಟ್ಟಿನ ತುಂಡು ಕೈಯಲ್ಲೇ ಉಳಿಯಿತು. ಅಣ್ಣ ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡಿರಬೇಕು.

"ನೀನು ಯಾವತ್ತಿದ್ರೂ ಅವಳ ಕಡೇನೇ ಅಂತ ಅನ್ಕೊಂಡಿದ್ದೆ ಕಣೇ. ಮನೇಲಿ ನಿನ್ನ ಮುಖ ನೋಡಿದಾಗೆಲ್ಲ ಹಾಗೇ ಅನ್ಸೋದು. ನಾನೇ ಸಣ್ಣವನಾದೆ."

ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಯಜಮಾನರಿಗೆ ನಮಸ್ಕಾರ ಹೇಳಿ ಹೊರಟುಹೋದ. ಹಾಗಲ್ಲ ಅಣ್ಣ ಎನ್ನಬೇಕಿತ್ತು. ಎಷ್ಟೋ ತಿಂಗಳ ಮೇಲೆ ಬೆನ್ನು ನೆಟ್ಟಗೆ ಮಾಡಿ ನಡೆಯುತ್ತಿದ್ದವನನ್ನು ಹಿಂದಕ್ಕೆ ಕರೆದು ಆ ಮಾತು ಹೇಳಲು ಅವಳಿಗೆ ಧೈರ್ಯ ಸಾಲಲಿಲ್ಲ. ಸುಮ್ಮನಿರುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂದುಕೊಂಡಳು.

ಬೆರಳು ಮೇಜಿಗೆ ಬಡಿಯುತ್ತಲೇ ಇತ್ತು. ಈ ಸಲ ಅವಳು ಅದನ್ನು ತಡೆಯದೆ ಕೇಳಿದಳು. ಥಪ್ಪೆನ್ನುವುದೂ ಎಳೆಯುವುದೂ ಮೇಲಿನ ಕಸ. ಅದರ ಅಡಿಯಲ್ಲಿ, ಸಿಕ್ಕಿಹಾಕಿಕೊಳ್ಳುತ್ತ, ಬಿಟ್ಟುಹೋಗುತ್ತ, ಮತ್ತೆ ಹಿಡಿಯಲು ನೋಡುತ್ತ, ಮೂರು ಒಳಗೆ, ಎರಡು ಹೊರಗೆ. ಬೆರಳಿಗೆ ಬೆಳಿಗ್ಗೆಯಿಂದ ಗೊತ್ತಿತ್ತು. ಕತ್ತಲಲ್ಲಿ ನೂರು ಜನ ಓಡಿದರೂ ಅತ್ತಿಗೆಯನ್ನು ಹೆಕ್ಕಿ ತೆಗೆಯುತ್ತೇನೆ ಎಂದು ಬೀಗುತ್ತಿದ್ದ ಕಿವಿ ಇದು. ಪ್ರತಿ ಬೆಳಿಗ್ಗೆ ಹಿಂದಿನಿಂದ ಆ ಹೆಜ್ಜೆ ಬರುತ್ತದೆಂದು ಕಾದದ್ದು ಇದೇ ಕಿವಿ. ಕಾದದ್ದು ಹಳೆಯ ಹೆಜ್ಜೆಗೆ, ಹಗುರಕ್ಕೆ, ಚುರುಕಿಗೆ. ಹೊಸದು ಎದುರಿಗೇ ಇದ್ದಾಗ ಗುರುತು ಹಿಡಿಯದಿದ್ದುದಷ್ಟೇ ಅಲ್ಲ, ಬಟ್ಟೆ ಒಗೆಯುತ್ತಿದ್ದಾಳೆ ಎಂದು ಆಡಿಕೊಂಡಿತು. ಕೈಯಲ್ಲಿದ್ದುದನ್ನು ಕೆಳಗಿಟ್ಟು, ಯಜಮಾನರಿಗೆ ಹೊಟ್ಟೆನೋವು ಎಂದು ಏನೋ ಒಂದು ಹೇಳಿ, ಅವಳು ಚೀಲ ಹೆಗಲಿಗೇರಿಸಿದಳು.

ಅತ್ತಿಗೆಯ ಶಾಲೆಯವರೆಗಿನ ದಾರಿ ದೂರವೇನಲ್ಲ, ಆದರೆ ಅವಳು ಅದನ್ನು ಉದ್ದ ಮಾಡಿಕೊಂಡಳು. ನಿನ್ನ ಗುರುತೇ ಸಿಗಲಿಲ್ಲ ಅತ್ತಿಗೆ, ಆಣೆ ಮಾಡುತ್ತೇನೆ ಎನ್ನುವುದು ಮೊದಲು ಹೊಳೆದ ಮಾತು. ಅಂಗಡಿ ಸಾಲು ದಾಟುವುದರೊಳಗೆ ಅದು ಹಳಸಿಹೋಯಿತು. ಗುರುತು ಸಿಗಲಿಲ್ಲ ಎಂದರೇನು? ನೀನು ಓಡುವುದು ಈಗ ಓಟದ ಹಾಗಿಲ್ಲ, ನಿನ್ನ ಮೈ ನಿನ್ನದರ ಹಾಗಿಲ್ಲ ಎಂದ ಹಾಗೆ. ಬೇಕೆಂತಲೇ ಮುಖ ತಿರುಗಿಸಿದರೆ ಅದರಲ್ಲಿ ಕೋಪವಾದರೂ ಇದೆ, ಕೋಪದಲ್ಲಿ ಇನ್ನೂ ಅಷ್ಟು ಸಂಬಂಧವಿದೆ. ಸಾಲುಮರಗಳ ಕೆಳಗೆ ನಡೆಯುವಾಗ ಸುಳ್ಳನ್ನು ಜೋಡಿಸಿಕೊಂಡಳು. ಹೌದು, ಬೇಕಂತಲೇ ಮಾಡಿದೆ, ನನ್ನ ಅಣ್ಣನ ಹೊಟ್ಟೆ ಉರಿಸಿದ್ದೀಯ, ನನಗೆ ಒಂದು ಮಾತೂ ಹೇಳದೆ ಹೋದೆ. ಕೊನೆಯ ಭಾಗ ನಿಜವೇ ಆಗಿದ್ದರಿಂದ ಸುಳ್ಳು ಚೆನ್ನಾಗಿ ನಿಂತಿತು. ಆದರೆ ಹಾಗೆಂದಮೇಲೆ ಅತ್ತಿಗೆ ಮತ್ತೆ ಯಾಕೆ ಕೊಳದ ಹತ್ತಿರ ಬರುತ್ತಾಳೆ? ನಿಜ ಹೇಳಿದರೂ ಬರುವುದಿಲ್ಲ, ಸುಳ್ಳು ಹೇಳಿದರೂ ಬರುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ಅತ್ತಿಗೆ ಬರಬೇಕು, ಪಕ್ಕದಲ್ಲಿ ಓಡಬೇಕು. ಅಣ್ಣನ ಹೆಂಡತಿಯಾಗಿರಲಿ ಬಿಡಲಿ. ಇಷ್ಟು ಸಣ್ಣದನ್ನು ಇಷ್ಟು ಜೋರಾಗಿ ಬಯಸುತ್ತಿರುವುದಕ್ಕೆ ಅವಳಿಗೆ ನಾಚಿಕೆಯಾಯಿತು.

ಶಾಲೆ ಬಿಟ್ಟಿತ್ತು. ಸಂಗೀತದ ಕೋಣೆ ಮಹಡಿಯ ಮೂಲೆಯಲ್ಲಿತ್ತು. ಅತ್ತಿಗೆ ಡ್ರಮ್ಮುಗಳ ಮೇಲೆ ಹೊದಿಕೆ ಎಳೆಯುತ್ತಿದ್ದಳು, ಬೆನ್ನು ಬಾಗಿಲ ಕಡೆಗಿತ್ತು. ವಕೀಲರಲ್ಲಿಗೆ ಹೋದ ಒಳ್ಳೆಯ ಬಟ್ಟೆಯಲ್ಲೇ ಇದ್ದಳು. ಭುಜ ತುಂಬಿಕೊಂಡಿತ್ತು, ಕತ್ತಿನ ಹತ್ತಿರ ಒಂದಿಷ್ಟು ಕೂದಲು ಬೆಳ್ಳಗಾಗಿತ್ತು. ತಿರುಗದೆಯೇ, "ಮೆಟ್ಟಿಲು ಹತ್ತೋವಾಗ್ಲೇ ಗೊತ್ತಾಯ್ತು ನೀನೇ ಅಂತ," ಎಂದಳು. ಅವಳು ಸಿದ್ಧಮಾಡಿಕೊಂಡು ಬಂದಿದ್ದೆಲ್ಲ ಆ ಒಂದು ಮಾತಿಗೆ ಉದುರಿತು. ಆದರೂ ಬಾಯಿಪಾಠ ಮಾಡಿದ ಮಗುವಿನ ಹಾಗೆ ಒಪ್ಪಿಸಲು ಶುರು ಮಾಡಿದಳು.

"ಬೆಳಿಗ್ಗೆ ನಾನು ಬೇಕಂತಲೇ ಅತ್ತಿಗೆ..."

"ಸುಳ್ಳು ಹೇಳ್ಬೇಡ." ಅತ್ತಿಗೆ ಈಗ ತಿರುಗಿದಳು. "ಬೇಕಂತ ಮಾಡಿದ್ರೆ ನನ್ನ ಪಕ್ಕ ಬಂದಾಗ ನಿನ್ನ ಉಸಿರು ಒಂದು ಸಲನಾದ್ರೂ ತಪ್ತಿತ್ತು. ತಪ್ಪಲಿಲ್ಲ. ಕೇಳಿಸ್ಕೊಂಡೆ ನಾನು. ಯಾರೋ ಅನ್ಕೊಂಡೆ ನೀನು."

ನಿನ್ನ ಅಣ್ಣನಿಗೆ ಹಾಗೆ ಹೇಳಿದ್ದು ಯಾಕೆಂದರೆ ಅದು ಹೇಳಲು ಸುಲಭವಾಗಿತ್ತು ಎಂದಳು. ನಿನ್ನ ತಂಗಿ ನನ್ನನ್ನು ದೂರ ಇಟ್ಟಳು ಎನ್ನಬಹುದು, ನಿನ್ನ ತಂಗಿಗೆ ನನ್ನ ಗುರುತೇ ಸಿಗಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಹೊದಿಕೆಯ ದಾರವನ್ನು ಗಂಟು ಹಾಕಿ, ಬಿಚ್ಚಿ, ಮತ್ತೆ ಹಾಕುತ್ತ ಅವಳು ಉಳಿದದ್ದನ್ನು ಹೇಳಿದಳು. ಮನೆ ಬಿಟ್ಟಮೇಲೆ ಒಂದು ದಿನವೂ ಓಡಿರಲಿಲ್ಲ, ಮೈ ಭಾರವಾಗಿ ಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಎಷ್ಟೋ ಸಲ ಬೂಟು ಕಟ್ಟಿಕೊಂಡು ಬೀದಿಗಿಳಿದರೂ ಪಕ್ಕ ಖಾಲಿ ಎನ್ನಿಸಿ ವಾಪಸು ಬಂದಿದ್ದಳು. ಇವತ್ತು ಸಹಿ ಹಾಕುವ ಮುಂಚೆ, ಇನ್ನೂ ಲೆಕ್ಕಕ್ಕೆ ಅತ್ತಿಗೆಯಾಗಿರುವಾಗಲೇ, ಒಂದು ಸುತ್ತು ಜೊತೆಗೆ ಓಡಿಬಿಡೋಣ ಎಂದು ಬಂದಳಂತೆ. ಹಿಂದಿನಿಂದ ಬರುತ್ತಿದ್ದ ಹೆಜ್ಜೆ ಯಾರದೆಂದು ದೂರದಿಂದಲೇ ಗೊತ್ತಾಗಿ, ಈಗ ಬಂದಳು, ಈಗ ನಿಧಾನ ಮಾಡುತ್ತಾಳೆ ಎಂದು ಕಾದಳಂತೆ. ಅದನ್ನು ಕೇಳುತ್ತ ನಿಂತವಳಿಗೆ ಕಣ್ಣು ಮಂಜಾಯಿತು. ಕನ್ನಡಕ ತೆಗೆದು ಒರೆಸಿಕೊಂಡಳು, ಅತ್ತಿಗೆ ಬರೀ ಮಬ್ಬಾಗಿ ಕಂಡಳು, ಗಾಬರಿಯಿಂದ ಮತ್ತೆ ಹಾಕಿಕೊಂಡಳು.

"ನಾಳೆ ಬಾ," ಎಂದಳು. "ನಿಧಾನಕ್ಕೆ ಓಡ್ತೀನಿ. ನಿನ್ನ ಪಕ್ಕದಲ್ಲೇ. ನೀನು ಹೇಗೆ ಓಡಿದ್ರೆ ಹಾಗೆ."

ಅತ್ತಿಗೆ ಹೊದಿಕೆಯ ಗಂಟನ್ನು ಕೊನೆಯ ಸಲ ಬಿಗಿದಳು. ಕೆಳಗೆ ಯಾರೋ ತರಗತಿಗಳ ಬಾಗಿಲು ಹಾಕುತ್ತ ಬರುತ್ತಿದ್ದರು.

"ಬೇಡ. ನೀನು ತಡೆದು ತಡೆದು ಓಡೋದು ನನಗೆ ಕೇಳಿಸುತ್ತೆ. ಪ್ರತಿ ಹೆಜ್ಜೆಗೂ ಕೇಳಿಸುತ್ತೆ. ಅದನ್ನ ತಡ್ಕೊಳಕ್ಕಾಗಲ್ಲ ನನಗೆ."

ಬರುವುದೇ ಇಲ್ಲವೇ ಎಂದು ಕೇಳಲು ಅವಳು ಉಸಿರೆಳೆದುಕೊಂಡಳು. ಅತ್ತಿಗೆಗೆ ಅದೂ ಕೇಳಿಸಿರಬೇಕು. ಬರುತ್ತೇನೆ, ನನ್ನ ಓಟ ನಾನು ಓಡುತ್ತೇನೆ, ನಿನ್ನದು ನೀನು ಓಡು, ಹಿಂದಿನಿಂದ ಬಂದರೆ ಹಾದು ಹೋಗು, ನಿಲ್ಲಬೇಡ, ಒಂದು ಹೆಜ್ಜೆಯನ್ನೂ ನನಗೋಸ್ಕರ ಕಡಿಮೆ ಮಾಡಬೇಡ, ಮಾಡಿದರೆ ಮಾರನೆಯ ದಿನದಿಂದ ಬರುವುದಿಲ್ಲ ಎಂದಳು. ಮಾತು ತೆಗೆದುಕೊಂಡಳು. ಬಾಗಿಲು ಹಾಕುವವರು ಬಂದರು. ಇಬ್ಬರೂ ಮೆಟ್ಟಿಲಿಳಿದು, ಗೇಟಿನ ಹತ್ತಿರ, ಎಲ್ಲರೂ ಬೇರೆಯಾಗುವ ಹಾಗೆ ಬೇರೆಯಾದರು.

ಅವತ್ತು ಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣ ಅವಳ ತಟ್ಟೆಗೆ ತಾನೇ ಬಡಿಸಿದ. ಅಮ್ಮ ಅದನ್ನು ನೋಡಿ, ಅಂತೂ ಅಣ್ಣ ತಂಗಿ ಒಂದಾದಿರಲ್ಲ ಎಂದು ಸಂತೋಷಪಟ್ಟಳು. ಅವಳು ತಲೆ ಬಗ್ಗಿಸಿ ಬಡಿಸಿದ್ದನ್ನೆಲ್ಲ ತಿಂದಳು. ನಾಳೆಯೋ ನಾಡಿದ್ದೋ ಯಾರಾದರೂ ನೋಡಿ ಹೇಳುತ್ತಾರೆ, ಅಣ್ಣನಿಗೆ ಗೊತ್ತಾಗಿಯೇ ಆಗುತ್ತದೆ. ಅದಕ್ಕೆ ಮುಂಚೆ ತಾನೇ ಹೇಳಬೇಕು. ಒಂದು ದಿನ ಹೋಗಲಿ, ಬರುತ್ತಾಳೋ ಇಲ್ಲವೋ ನೋಡಿಕೊಂಡು ಹೇಳಿದರಾಯಿತು ಎಂದುಕೊಂಡಳು. ಹೀಗೆ ಅಂದುಕೊಳ್ಳುತ್ತಿರುವ ತನ್ನ ಬಗ್ಗೆ ಅವಳಿಗೆ ಗೌರವವೇನೂ ಹುಟ್ಟಲಿಲ್ಲ.

ಬೆಳಿಗ್ಗೆ ಕೊಳದ ದಾರಿಗೆ ಇಳಿದಾಗ ಅರ್ಜೆಂಟಕ್ಕ ಮುಂದೆ ಇದ್ದಳು, ಜಗಳದವರು ಎದುರಿನಿಂದ ಬಂದು ಹೋದರು. ಅವಳು ಎಂದಿನ ವೇಗದಲ್ಲೇ ಓಡಿದಳು, ಕಿವಿಯನ್ನೆಲ್ಲ ಮುಂದಕ್ಕೆ ಚಾಚಿಕೊಂಡು. ಅರ್ಧ ಸುತ್ತು ಮುಗಿಯುವವರೆಗೆ ಏನೂ ಇರಲಿಲ್ಲ, ಬರಲಿಲ್ಲ ಎಂದೇ ತೀರ್ಮಾನಿಸಿದ್ದಳು, ಆಗ ಕೇಳಿಸಿತು. ಥಪ್ಪೆಂದು ಒಂದು, ಎಳೆದುಕೊಂಡು ಒಂದು. ನಿನ್ನೆ ಇದರಷ್ಟು ಕೆಟ್ಟದ್ದನ್ನು ಕೇಳಿಲ್ಲ ಎನ್ನಿಸಿದ್ದ ಆ ಸದ್ದಿಗೆ ಇವತ್ತು ಅವಳ ಮೈಯೆಲ್ಲ ಜುಮ್ಮೆಂದಿತು. ಹತ್ತಿರವಾಯಿತು. ಕಾಲುಗಳು ತಾವಾಗಿಯೇ ನಿಧಾನಿಸಲು ನೋಡಿದವು, ಬಿಡಲಿಲ್ಲ. ಟೋಪಿ, ದೊಗಳೆ ಅಂಗಿ, ಬೆವರಿನ ವಾಸನೆ, ಅತ್ತಿಗೆ ಪಕ್ಕಕ್ಕೆ ಬಂದಳು. ನಾಲ್ಕೈದು ಹೆಜ್ಜೆ ಇಬ್ಬರೂ ಜೊತೆಗಿದ್ದರು. ಅವಳ ಉಸಿರು ತಪ್ಪಿತು, ತಪ್ಪಿದ್ದು ಇಬ್ಬರಿಗೂ ಕೇಳಿಸಿತು. ಅತ್ತಿಗೆ ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಮುಂದೆ ಹೋಗು ಎಂದು ಕೈಯನ್ನಷ್ಟೇ ಬೀಸಿದಳು.

ಅವಳು ಮುಂದೆ ಹೋದಳು. ಹಿಂದೆ ಉಳಿಯುತ್ತಿದ್ದ ಹೆಜ್ಜೆಯ ಕಡೆಗೆ ಬೆನ್ನೆಲ್ಲ ಎಳೆಯುತ್ತಿತ್ತು. ನಿಲ್ಲುವಂತಿಲ್ಲ, ತಿರುಗುವಂತಿಲ್ಲ. ಇನ್ನು ಆ ನಾಲ್ಕೈದು ಹೆಜ್ಜೆ ಮತ್ತೆ ಬೇಕೆಂದರೆ ಇರುವ ದಾರಿ ಒಂದೇ, ಕೊಳವನ್ನು ಪೂರ್ತಿ ಸುತ್ತಿ ಹಿಂದಿನಿಂದ ಬರಬೇಕು, ಅತ್ತಿಗೆ ಸುಸ್ತಾಗಿ ಮನೆಗೆ ಹೊರಡುವ ಮುಂಚೆ ಬರಬೇಕು. ಅವಳು ವೇಗ ಹೆಚ್ಚಿಸಿದಳು. ಸುತ್ತಿಗೆ ಸಾಹೇಬರನ್ನು ದಾಟಿದಳು, ಅವರು ಏನೋ ಅಂದರು, ಕೇಳಿಸಿಕೊಳ್ಳಲಿಲ್ಲ. ಅತ್ತಿಗೆಯ ಹೆಜ್ಜೆ ಹಿಂದೆ ಹಿಂದೆ ಉಳಿದು, ಸಣ್ಣದಾಗಿ, ಕಿವಿಗೆ ಕೇಳದಷ್ಟು ದೂರವಾಯಿತು. ಅವಳು ಇನ್ನೂ ಜೋರಾಗಿ ಓಡಿದಳು.